ಎಂಟು ಸಾಕಾ, ಹದಿನಾರು ಬೇಕಾ? ತೀರ್ಥಹಳ್ಳಿ ಕಡೆಯ ಒಂದು ಮನೆಯ ರ‍್ಯಾಮ್ ಲೆಕ್ಕ

ಶಿವಮೊಗ್ಗದಲ್ಲಿ ಲ್ಯಾಪ್‌ಟಾಪ್ ರಿಪೇರಿ ನನ್ನ ಕಸುಬು. ಹೊಸದು ಕೊಳ್ಳುವ ಮುಂಚೆ ಜನ ನನ್ನ ಹತ್ತಿರ ಬಂದು ಕೇಳುವುದು ಬಹುತೇಕ ಒಂದೇ ಪ್ರಶ್ನೆ: "ರ‍್ಯಾಮ್ ಎಷ್ಟಿರಬೇಕು?" ರ‍್ಯಾಮ್ ಅಂದರೆ ಸದ್ಯ ತೆರೆದಿರುವ ಕೆಲಸ ಇರುವ ಮೆಮೊರಿ, ಅಳೆಯುವುದು ಜಿಬಿಯಲ್ಲಿ. ಈ ಪ್ರಶ್ನೆಗೆ ಬಾಯಿಮಾತಿನ ಉತ್ತರ ಎಲ್ಲರ ಹತ್ತಿರವೂ ಸಿಗುತ್ತದೆ. ಅಳೆದು ನೋಡಿ ಹೇಳುವವರು ಕಡಿಮೆ. ಕಳೆದ ಅಡಿಕೆ ಕೊಯ್ಲಿನ ಹೊತ್ತಿಗೆ ನನ್ನ ಅಕ್ಕನ ಮನೆಗೇ ಹೊಸ ಲ್ಯಾಪ್‌ಟಾಪ್ ಬೇಕಾಯಿತು. ಈ ಸಲ ಅಂದಾಜು ಬೇಡ, ನಿಮ್ಮ ಕೆಲಸವನ್ನೇ ಅಳೆದು ತೀರ್ಮಾನ ಮಾಡೋಣ ಅಂದೆ. ಹೇಗೆ ಅಳೆದೆವು, ಏನು ಕಂಡಿತು, ಕೊನೆಗೆ ಏನು ಕೊಂಡೆವು ಅನ್ನುವುದನ್ನು ಪೂರ್ತಿ ಬರೆಯುತ್ತಿದ್ದೇನೆ. ಇಂಥದ್ದೇ ಮನೆಗಳು ಮಲೆನಾಡಿನಲ್ಲಿ ಬೇಕಾದಷ್ಟಿವೆ.

ಮನೆ ಮತ್ತು ಹಳೆ ಲ್ಯಾಪ್‌ಟಾಪ್

ಅಕ್ಕನ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಅಡಿಕೆ ತೋಟ, ಒಂದಿಷ್ಟು ಗದ್ದೆ. ಭಾವನಿಗೆ ಲ್ಯಾಪ್‌ಟಾಪ್ ಬೇಕಾಗುವುದು ಲೆಕ್ಕಕ್ಕೆ. ಕೊನೆಗಾರರ ಕೂಲಿ, ಸುಲಿಯುವವರ ಕೂಲಿ, ಔಷಧಿ ಹೊಡೆಸಿದ ಖರ್ಚು, ಮಂಡಿಯ ಪಟ್ಟಿ, ಎಲ್ಲ ಎಕ್ಸೆಲ್‌ನಲ್ಲಿದೆ. ಅಡಿಕೆಯ ಬಗೆಗೊಂದು ಶೀಟು: ರಾಶಿಗೊಂದು, ಬೆಟ್ಟೆಗೊಂದು, ಗೊರಬಲಿಗೊಂದು. ಜೊತೆಗೆ ಪಹಣಿ ತೆಗೆಯುವುದು, ಬ್ಯಾಂಕಿನ ಕೆಲಸ, ವಾಟ್ಸಾಪ್ ವೆಬ್.

ಅಕ್ಕ ಊರಿನ ಸ್ವಸಹಾಯ ಸಂಘದ ಪುಸ್ತಕ ನೋಡಿಕೊಳ್ಳುತ್ತಾಳೆ. ಸಭೆಯ ನಡಾವಳಿಯನ್ನು ಕನ್ನಡದಲ್ಲಿ ಟೈಪ್ ಮಾಡುತ್ತಾಳೆ. ಸಂಜೆ ಯೂಟ್ಯೂಬ್. ಮಗಳು ಶಿವಮೊಗ್ಗದಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿ.ಕಾಂ ಓದುತ್ತಿದ್ದಾಳೆ, ಅದರ ಜೊತೆಗೆ ಸಿಎ ಫೌಂಡೇಶನ್‌ಗೆ ಆನ್‌ಲೈನ್ ಕ್ಲಾಸು. ರಜೆಯಲ್ಲಿ ಊರಿಗೆ ಬಂದಾಗ ಮನೆಯ ಲ್ಯಾಪ್‌ಟಾಪ್ ಅವಳ ಪಾಲಾಗುತ್ತದೆ.

ಆ ಲ್ಯಾಪ್‌ಟಾಪ್ 2017ರದ್ದು. 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಏಳನೇ ತಲೆಮಾರಿನ ಇಂಟೆಲ್ ಪ್ರೊಸೆಸರ್, ವಿಂಡೋಸ್ 10. ಆಗ ನಮ್ಮ ಕಡೆ ಮಾರಾಟವಾಗುತ್ತಿದ್ದ ಲ್ಯಾಪ್‌ಟಾಪ್‌ಗಳಲ್ಲಿ ಇಂಥವೇ ಜಾಸ್ತಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರಿನಿಂದ ಈಚಿನವಕ್ಕೆ ಮಾತ್ರ ಅವಕಾಶ. ಹಾಗಾಗಿ ಹೊಸದರ ಮಾತು ಬಂತು. ಅದರ ಜೊತೆಗೇ ಸಲಹೆಗಳೂ ಬಂದವು.

ಭಾವ ಹೇಳಿದ್ದು, "ನಾವೇನು ಸಿನಿಮಾ ಎಡಿಟ್ ಮಾಡ್ತೀವಾ ಮಾರಾಯ? ಎಂಟು ಸಾಕು." ನೆಹರು ರೋಡಿನ ಅಂಗಡಿಯಲ್ಲಿ ವಿಚಾರಿಸಿದರೆ, "ಇದು ಎಐ ಕಾಲ ಸಾರ್, ಹದಿನಾರಕ್ಕಿಂತ ಕಡಿಮೆ ನೋಡಲೇಬೇಡಿ" ಅಂದರು. ಹಾಸ್ಟೆಲ್ ಗೆಳತಿಯ ಅಣ್ಣ ಇನ್ನೂ ಮುಂದೆ ಹೋಗಿ, "ಮೂವತ್ತೆರಡು ಹಾಕಿಸಿಬಿಡಿ, ಆಮೇಲೆ ಚಿಂತೆನೇ ಇರಲ್ಲ" ಅಂದ. ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಈ ಮನೆಯಲ್ಲಿ ಲ್ಯಾಪ್‌ಟಾಪ್ ಮೇಲೆ ಒಂದು ದಿನಕ್ಕೆ ಎಷ್ಟು ಕೆಲಸ ಬೀಳುತ್ತದೆ ಅನ್ನುವುದನ್ನು ಯಾರೂ ನೋಡಿರಲಿಲ್ಲ.

ಕಂಪನಿಗಳು ಕೊಡುವ ಸಂಖ್ಯೆಯೂ ಇಲ್ಲಿ ಅಷ್ಟಾಗಿ ಸಹಾಯಕ್ಕೆ ಬರುವುದಿಲ್ಲ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ರ‍್ಯಾಮ್ 4 ಜಿಬಿ. ಅಷ್ಟಿದ್ದರೆ ಅದು ಇನ್‌ಸ್ಟಾಲ್ ಆಗುತ್ತದೆ, ನೆಮ್ಮದಿಯಿಂದ ಕೆಲಸ ಮಾಡಬಹುದು ಅಂತಲ್ಲ. ಅದೇ ಕಂಪನಿ 2024ರಲ್ಲಿ ಕೋಪೈಲಟ್ ಪ್ಲಸ್ ಅನ್ನುವ ಹೊಸ ವರ್ಗದ ಲ್ಯಾಪ್‌ಟಾಪ್‌ಗಳಿಗೆ 16 ಜಿಬಿ ಕನಿಷ್ಠ ಅಂತ ಗೊತ್ತುಮಾಡಿತು. ಆ ವರ್ಷವೇ ಆಪಲ್ ಕೂಡ ಮ್ಯಾಕ್‌ಬುಕ್ ಏರ್‌ನ ಆರಂಭದ ರ‍್ಯಾಮನ್ನು 8ರಿಂದ 16ಕ್ಕೆ ಏರಿಸಿತು. ನಾಲ್ಕಕ್ಕೂ ಹದಿನಾರಕ್ಕೂ ನಡುವೆ ಒಂದು ಮನೆ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಮನೆಯಲ್ಲೇ ನೋಡಬೇಕು.

ಇನ್ನೊಂದು ಗೊಂದಲವನ್ನು ಮೊದಲೇ ಬಿಡಿಸಬೇಕಾಯಿತು. "512 ಜಿಬಿ ಇದೆ ಅಂತ ಬರೆದಿದ್ದಾರಲ್ಲ, ಮತ್ತೆ 8 ಹೇಗೆ ಕಡಿಮೆಯಾಗುತ್ತೆ?" ಅಂತ ಭಾವ ಕೇಳಿದರು. ಅಂಗಡಿಯವರು "8 ಜಿಬಿ, 512" ಅಂತ ಒಂದೇ ಉಸಿರಿಗೆ ಹೇಳಿಬಿಡುತ್ತಾರೆ, ಕೇಳುವವರಿಗೆ ಎರಡೂ ಮೆಮೊರಿಯೇ. 512 ಅನ್ನುವುದು ಫೈಲುಗಳನ್ನು ಇಟ್ಟುಕೊಳ್ಳುವ ಎಸ್‌ಎಸ್‌ಡಿ. 8 ಅನ್ನುವುದು ಸದ್ಯ ತೆರೆದಿರುವ ಕೆಲಸ ಹರಡಿಕೊಂಡಿರುವ ಜಾಗ. ಇದನ್ನು ಭಾವ ತಾವೇ ತಮ್ಮ ಭಾಷೆಗೆ ತಂದುಕೊಂಡರು. "ಅಂದರೆ ಇದು ಅಂಗಳ, ಅದು ಉಗ್ರಾಣ. ಅಂಗಳ ಸಣ್ಣದಾದರೆ ಒಣಗ್ತಾ ಇರೋ ಅಡಿಕೆನೇ ಬಾಚಿ ಒಳಗೆ ಹಾಕಿ, ಬೇಕಾದಾಗ ಮತ್ತೆ ಹೊತ್ತು ತಂದು ಹರಡಬೇಕು. ಅಷ್ಟೇ ತಾನೇ?" ಅಷ್ಟೇ. ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ಹಳೆಯದು ನಿಧಾನ ಯಾಕೆ?

ಹೊಸದಕ್ಕೆ ಎಷ್ಟು ಬೇಕು ಅಂತ ತಿಳಿಯಬೇಕಾದರೆ ಹಳೆಯದು ಯಾಕೆ ಒದ್ದಾಡುತ್ತಿದೆ ಅಂತ ಮೊದಲು ಗೊತ್ತಾಗಬೇಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಪರ್ಫಾರ್ಮೆನ್ಸ್ ಅನ್ನುವ ಪುಟಕ್ಕೆ ಹೋಗಿ ಮೆಮೊರಿ ಮೇಲೆ ಕ್ಲಿಕ್ ಮಾಡಬೇಕು. ಬೇರೆ ಯಾವ ಸಾಫ್ಟ್‌ವೇರೂ ಬೇಡ.

ಭಾವ ಎಂದಿನಂತೆ ಎಕ್ಸೆಲ್ ತೆರೆದರು. ಕ್ರೋಮ್‌ನಲ್ಲಿ ಪಹಣಿ, ಬ್ಯಾಂಕು, ವಾಟ್ಸಾಪ್. ಮೆಮೊರಿ 3.9ರಲ್ಲಿ 3.5 ಜಿಬಿ ಬಳಕೆಯಲ್ಲಿದೆ ಅಂತ ತೋರಿಸಿತು. ಅದಕ್ಕಿಂತ ಮುಖ್ಯವಾದದ್ದು ಇನ್ನೆರಡು ಸಂಖ್ಯೆ. ಕಮಿಟೆಡ್ ಅನ್ನುವಲ್ಲಿ 6 ಜಿಬಿಗಿಂತ ಜಾಸ್ತಿ. ಪಕ್ಕದಲ್ಲಿ ಡಿಸ್ಕ್ ನೂರಕ್ಕೆ ನೂರು, ಅಲ್ಲಾಡುತ್ತಲೇ ಇಲ್ಲ. ಕಿವಿಗೊಟ್ಟರೆ ಹಾರ್ಡ್ ಡಿಸ್ಕ್ ಒಳಗಿನ ಕರಕರ ಶಬ್ದ ಕೇಳಿಸುತ್ತಿತ್ತು. ಎಕ್ಸೆಲ್‌ನಿಂದ ಕ್ರೋಮ್‌ಗೆ ಬಂದರೆ ಪುಟ ಬಿಳಿಯಾಗಿ ನಿಂತು, ಆಮೇಲೆ ಒಂದೊಂದೇ ಅಕ್ಷರ ಮೂಡುತ್ತಿತ್ತು.

ಕಮಿಟೆಡ್ ಅಂದರೆ ತೆರೆದಿರುವ ಎಲ್ಲ ಪ್ರೋಗ್ರಾಮುಗಳೂ ಸೇರಿ "ನಮಗಿಷ್ಟು ಬೇಕು" ಅಂತ ಬುಕ್ ಮಾಡಿಕೊಂಡಿರುವ ಒಟ್ಟು ಜಾಗ. ಅದು ರ‍್ಯಾಮ್‌ಗಿಂತ ಜಾಸ್ತಿಯಾದಾಗ ವಿಂಡೋಸ್ ಏನು ಮಾಡುತ್ತದೆ? ಸದ್ಯ ಬಳಕೆಯಲ್ಲಿಲ್ಲದ ಭಾಗವನ್ನು ಮೊದಲು ಒತ್ತಿ ಚಿಕ್ಕದು ಮಾಡಿ ರ‍್ಯಾಮ್‌ನಲ್ಲೇ ಇಟ್ಟುಕೊಳ್ಳುತ್ತದೆ. ಅದೂ ಸಾಲದಿದ್ದರೆ ಡಿಸ್ಕ್‌ನಲ್ಲಿರುವ ಪೇಜ್ ಫೈಲ್‌ಗೆ ಬರೆದಿಡುತ್ತದೆ. ಬೇಕಾದಾಗ ಮತ್ತೆ ಓದಿ ತರುತ್ತದೆ. ಕಷ್ಟ ಇರುವುದು ಈ ಓದಿ ತರುವುದರಲ್ಲಿ. ಲ್ಯಾಪ್‌ಟಾಪ್‌ನ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಅದರ ಹೆಡ್ ಬೇಕಾದ ಜಾಗಕ್ಕೆ ಹೋಗಿ, ತಟ್ಟೆ ತಿರುಗಿ ಬಂದು, ಓದಲು ಶುರು ಮಾಡುವಷ್ಟರಲ್ಲಿ ಹತ್ತು ಹದಿನೈದು ಮಿಲಿಸೆಕೆಂಡು ಹೋಗುತ್ತದೆ. ರ‍್ಯಾಮ್‌ಗೆ ಬೇಕಾಗುವುದು ಸುಮಾರು ನೂರು ನ್ಯಾನೋಸೆಕೆಂಡು. ಲಕ್ಷ ಪಟ್ಟಿನ ವ್ಯತ್ಯಾಸ. ಎಸ್‌ಎಸ್‌ಡಿ ಈ ಎರಡರ ನಡುವೆ ಬರುತ್ತದೆ. ರ‍್ಯಾಮ್‌ನಷ್ಟು ವೇಗ ಅದಕ್ಕೂ ಇಲ್ಲ, ಆದರೆ ಹಾರ್ಡ್ ಡಿಸ್ಕ್‌ಗಿಂತ ನೂರು ಪಟ್ಟಿನ ಹತ್ತಿರ ಬೇಗ ಓದುತ್ತದೆ.

ಇದನ್ನು ಮಾತಿನಲ್ಲಿ ಬಿಡುವುದು ಬೇಡ ಅಂತ ನನ್ನ ಹತ್ತಿರವಿದ್ದ ಒಂದು ಎಸ್‌ಎಸ್‌ಡಿಯನ್ನು ಆ ಹಳೆ ಲ್ಯಾಪ್‌ಟಾಪ್‌ಗೇ ಹಾಕಿದೆ. ರ‍್ಯಾಮ್ ಅದೇ 4 ಜಿಬಿ. ಕೆಲಸವೂ ಅದೇ. ಕಮಿಟೆಡ್ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇತ್ತು. ಆದರೆ ಎಕ್ಸೆಲ್‌ನಿಂದ ಕ್ರೋಮ್‌ಗೆ ಬರುವುದು ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲದಿದ್ದರೂ ಕಾಯಿಸುವಂತೆ ಇರಲಿಲ್ಲ. "ಇದೇ ಇಷ್ಟು ಓಡ್ತದೆ ಅಂದಮೇಲೆ ಹೊಸದು ಯಾಕೆ?" ಅಂದಳು ಅಕ್ಕ. ಅದು ತೀರಾ ಸರಿಯಾದ ಪ್ರಶ್ನೆ. "ರ‍್ಯಾಮ್ ಸಾಲಲ್ಲ" ಅಂತ ನನ್ನ ಹತ್ತಿರ ಬರುವ ಹಳೆ ಲ್ಯಾಪ್‌ಟಾಪ್‌ಗಳಲ್ಲಿ ಹಾರ್ಡ್ ಡಿಸ್ಕ್‌ನದ್ದೇ ದೊಡ್ಡ ಪಾಲು ಇರುತ್ತದೆ. ಆ ಪಾಲನ್ನು ಬೇರೆ ಮಾಡದೆ ರ‍್ಯಾಮ್ ಲೆಕ್ಕ ಹಾಕಿದರೆ ದುಡ್ಡು ಸುಮ್ನೆ ಹೋಗುತ್ತದೆ.

ಭಾವನಿಗೆ ಇನ್ನೊಂದು ದೂರಿತ್ತು. ಮಳೆಗಾಲದಲ್ಲಿ ಕರೆಂಟು ಹೋದಾಗಲೆಲ್ಲ ಬರೆದ ಲೆಕ್ಕ ಮಾಯವಾಗುತ್ತದೆ, ರ‍್ಯಾಮ್ ಕಡಿಮೆ ಇರುವುದಕ್ಕೇ ಹೀಗೆ ಅಂತ ಅವರ ಅನುಮಾನ. ಅಲ್ಲಿ ಆಗುತ್ತಿದ್ದದ್ದು ಬೇರೆ. ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು, ಲ್ಯಾಪ್‌ಟಾಪ್ ಓಡುತ್ತಿದ್ದದ್ದು ಚಾರ್ಜರ್ ಮೇಲೆ ಮಾತ್ರ. ಸೇವ್ ಮಾಡದ ಕೆಲಸ ಇರುವುದು ರ‍್ಯಾಮ್‌ನಲ್ಲಿ. ಕರೆಂಟು ಹೋದ ಕ್ಷಣ ರ‍್ಯಾಮ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಅದು 4 ಜಿಬಿ ಇರಲಿ 64 ಇರಲಿ. ಆಗುಂಬೆ ಕಡೆಯ ಮಳೆಯಲ್ಲಿ ಕರೆಂಟು ದಿನಗಟ್ಟಲೆ ಬರದೇ ಇರುವುದೂ ಉಂಟು. ಇದಕ್ಕೆ ಬೇಕಾದದ್ದು ಹೊಸ ಬ್ಯಾಟರಿ ಮತ್ತು ಆಗಾಗ ಕಂಟ್ರೋಲ್ ಎಸ್ ಒತ್ತುವ ಅಭ್ಯಾಸ.

ಅಳತೆ

ನನ್ನ ಅಂಗಡಿಯಲ್ಲಿ ಕೆಲಸಕ್ಕೆ ಅಂತ ಇಟ್ಟುಕೊಂಡಿರುವ ಒಂದು ಲ್ಯಾಪ್‌ಟಾಪ್ ಇದೆ. ವಿಂಡೋಸ್ 11, ಎಸ್‌ಎಸ್‌ಡಿ, ರ‍್ಯಾಮ್‌ಗೆ ಎರಡು ಸ್ಲಾಟು, ಎರಡರಲ್ಲೂ 8 ಜಿಬಿಯ ರ‍್ಯಾಮ್ ಕಡ್ಡಿ. ಮಗಳು ರಜೆಗೆ ಬಂದಾಗ ಅದನ್ನು ಅಕ್ಕನ ಮನೆಯಲ್ಲಿ ಬಿಟ್ಟೆ. ಮೂವರೂ ಅದರಲ್ಲೇ ತಮ್ಮ ಕೆಲಸ ಮಾಡಬೇಕು, ಕೆಲಸ ಅತಿ ಜಾಸ್ತಿ ಇರುವ ಹೊತ್ತಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಎರಡು ಸಂಖ್ಯೆ ಬರೆದಿಡಬೇಕು ಅಂತ ಮಾತಾಯಿತು. ಬರೆದಿಡುವ ಕೆಲಸ ಮಗಳು ವಹಿಸಿಕೊಂಡಳು.

ಇಲ್ಲಿ ಸರಾಸರಿ ನೋಡಿ ಪ್ರಯೋಜನವಿಲ್ಲ. ದಿನದ ಬಹುಪಾಲು ಹೊತ್ತು ಯಾವ ಲ್ಯಾಪ್‌ಟಾಪೂ ಸುಮ್ಮನೆ ಕೂತಿರುತ್ತದೆ. ಜನ ಬೈದುಕೊಳ್ಳುವುದು ಅವಸರದ ಆ ಒಂದು ಗಂಟೆಯಲ್ಲಿ. ಅಳೆಯಬೇಕಾದದ್ದು ಅದನ್ನೇ.

ಏನೂ ತೆರೆಯದೆ, ಬರೀ ಆನ್ ಮಾಡಿದಾಗ 4.6 ಜಿಬಿ ಬಳಕೆ, ಕಮಿಟೆಡ್ 5.3. ವಿಂಡೋಸ್, ಆಂಟಿವೈರಸ್, ಹಿನ್ನೆಲೆಯಲ್ಲಿ ತಾವಾಗಿಯೇ ಶುರುವಾಗುವ ಸಣ್ಣಪುಟ್ಟವು ಸೇರಿ ಇಷ್ಟು. ಭಾವನ ಪೂರ್ತಿ ಕೆಲಸ, ಅಂದರೆ ಮೂರು ಎಕ್ಸೆಲ್ ಫೈಲು, ನಾಲ್ಕೈದು ಟ್ಯಾಬು, ಪ್ರಿಂಟು ಎಲ್ಲ ಸೇರಿದಾಗ ಬಳಕೆ 6.4, ಕಮಿಟೆಡ್ 7.9. ಅಡಿಕೆಯ ಎಕ್ಸೆಲ್ ಶೀಟುಗಳು ರ‍್ಯಾಮ್‌ಗೆ ಏನೇನೂ ಭಾರ ಅಲ್ಲ, ಅಷ್ಟನ್ನೂ ನುಂಗಿದ್ದು ಕ್ರೋಮ್. ಅದು ಸಾಮಾನ್ಯವಾಗಿ ಟ್ಯಾಬುಗಳನ್ನು ಬೇರೆ ಬೇರೆ ಪ್ರೋಗ್ರಾಮಿನಂತೆ ನಡೆಸುತ್ತದೆ. ಒಂದು ಪುಟ ಕೆಟ್ಟರೆ ಉಳಿದವು ಬೀಳಬಾರದು, ಒಂದು ಪುಟ ಇನ್ನೊಂದರ ಗುಟ್ಟು ನೋಡಬಾರದು ಅನ್ನುವುದು ಅದರ ಉದ್ದೇಶ. ಅದಕ್ಕೆ ಕೊಡುವ ಬೆಲೆ ಈ ರ‍್ಯಾಮ್. ಅಕ್ಕನದ್ದೂ ಹೆಚ್ಚುಕಡಿಮೆ ಭಾವನಷ್ಟೇ: ಬಳಕೆ 6.8, ಕಮಿಟೆಡ್ 8.3.

ಮಗಳ ಲೆಕ್ಕವೇ ಬೇರೆ. ಸಂಜೆ ಕ್ಲಾಸಿನ ಹೊತ್ತು ನಾನೂ ಪಕ್ಕದಲ್ಲಿ ಕೂತು ನೋಡಿದೆ. ಒಂದು ಕಡೆ ಗೂಗಲ್ ಮೀಟ್‌ನಲ್ಲಿ ಕ್ಲಾಸು, ಕ್ಯಾಮೆರಾ ಆನ್. ಇನ್ನೊಂದು ಕಿಟಕಿಯಲ್ಲಿ ಟ್ಯಾಲಿ ಅನ್ನುವ ಲೆಕ್ಕಪತ್ರದ ಸಾಫ್ಟ್‌ವೇರ್. ನೋಟ್ಸಿನ ಪಿಡಿಎಫ್‌ಗಳು, ಅದರಲ್ಲಿ ಒಂದು ಪುಸ್ತಕವನ್ನೇ ಸ್ಕ್ಯಾನ್ ಮಾಡಿದ್ದು. ಬರೆದುಕೊಳ್ಳಲು ವರ್ಡ್, ಲೆಕ್ಕಕ್ಕೆ ಎಕ್ಸೆಲ್. ಕ್ರೋಮ್‌ನಲ್ಲಿ ಇಪ್ಪತ್ತರ ಆಸುಪಾಸು ಟ್ಯಾಬು. "ಇಷ್ಟು ಯಾಕೆ ತೆರೆದಿಟ್ಟಿದ್ದೀಯೇ?" ಅಂದೆ. "ಮುಚ್ಚಿದರೆ ಆಮೇಲೆ ಹುಡುಕೋದು ಯಾರು ಮಾವ?" ಅಂದಳು. ಟ್ಯಾಬು ಕಡಿಮೆ ಮಾಡು ಅಂತ ಉಪದೇಶ ಮಾಡುವುದು ಸುಲಭ, ಆದರೆ ಅವಳು ಓದುವ ರೀತಿಯೇ ಅದು. ಯಂತ್ರ ಅದಕ್ಕೆ ಹೊಂದಬೇಕು. ಆ ಹೊತ್ತಿನ ಸಂಖ್ಯೆ: ಬಳಕೆ 10.2, ಕಮಿಟೆಡ್ 13.1.

ಮಾರನೇ ದಿನ ಹಿಂದಿನ ಮುಚ್ಚಳ ತೆಗೆದು ಒಂದು ಕಡ್ಡಿ ಹೊರಗೆಳೆದೆ. ಈಗ ಅದೇ ಲ್ಯಾಪ್‌ಟಾಪ್ 8 ಜಿಬಿಯದ್ದು. ಕೈಗೆ ಸಿಗುವುದು 7.7 ಮಾತ್ರ, ಉಳಿದದ್ದರಲ್ಲಿ ಬಹುಪಾಲು ಗ್ರಾಫಿಕ್ಸ್‌ಗೆ ಅಂತ ಎತ್ತಿಟ್ಟದ್ದು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಎಲ್ಲ ಲ್ಯಾಪ್‌ಟಾಪ್‌ಗಳಲ್ಲೂ ಹೀಗೇ.

ಆನ್ ಮಾಡಿ ನೋಡಿದರೆ ಏನೂ ತೆರೆಯದಿದ್ದಾಗಿನ ಬಳಕೆ 4.6 ಇದ್ದದ್ದು 3.5ಕ್ಕೆ ಇಳಿದಿತ್ತು! ಅದೇ ವಿಂಡೋಸ್, ಅದೇ ಪ್ರೋಗ್ರಾಮುಗಳು. ತುಂಬ ಜನ ಎಡವುವ ಜಾಗ ಇದು. ಜಾಗ ಜಾಸ್ತಿ ಇದ್ದರೆ ವಿಂಡೋಸ್ ಧಾರಾಳವಾಗಿ ಹರಡಿಕೊಳ್ಳುತ್ತದೆ, ಮುಂದೆ ಬೇಕಾಗಬಹುದಾದ್ದನ್ನೂ ಮೊದಲೇ ತಂದಿಟ್ಟುಕೊಳ್ಳುತ್ತದೆ. ಕಡಿಮೆ ಇದ್ದರೆ ಮುದುರಿಕೊಳ್ಳುತ್ತದೆ. ಹಾಗಾಗಿ ಯಾರದ್ದೋ 16 ಜಿಬಿ ಲ್ಯಾಪ್‌ಟಾಪ್‌ನಲ್ಲಿ 9 ಜಿಬಿ ಬಳಕೆ ನೋಡಿ "ಎಂಟು ಸಾಲುವುದೇ ಇಲ್ಲ" ಅನ್ನುವುದು ತಪ್ಪು. 8 ಜಿಬಿಯಲ್ಲಿ ಶೇಕಡಾ 80 ತೋರಿಸಿತು ಅಂತ ಹೆದರುವುದೂ ತಪ್ಪು. ಖಾಲಿ ಬಿದ್ದ ರ‍್ಯಾಮ್‌ನಿಂದ ಯಾರಿಗೂ ಲಾಭವಿಲ್ಲ. ನೋಡಬೇಕಾದದ್ದು ಕಮಿಟೆಡ್ ರ‍್ಯಾಮ್‌ಗಿಂತ ಎಷ್ಟು ಮೇಲೆ ಹೋಗಿದೆ, ಮತ್ತು ಹಾಗೆ ಹೋದಾಗ ಕೈ ಕೆಳಗಿನ ಕೆಲಸ ತಡೆಯುತ್ತಿದೆಯಾ ಅನ್ನುವುದು.

ಭಾವ ಎರಡು ದಿನ 8 ಜಿಬಿಯಲ್ಲಿ ಕೆಲಸ ಮಾಡಿದರು. ಕಡ್ಡಿ ತೆಗೆದಿದ್ದೇನೆ ಅಂತ ನಾನು ಹೇಳಿರಲಿಲ್ಲ. ಅವರಿಗೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ಅಕ್ಕನಿಗೂ ಇಲ್ಲ. ಅವರಿಬ್ಬರ ಕಮಿಟೆಡ್ 8ರ ಸುತ್ತಮುತ್ತಲೇ ಇತ್ತು, ಸ್ವಲ್ಪ ಮೀರಿದ್ದನ್ನು ಎಸ್‌ಎಸ್‌ಡಿ ನುಂಗಿಕೊಂಡಿತು.

ಮಗಳಿಗೆ ಮೊದಲ ಸಂಜೆಯೇ ಗೊತ್ತಾಯಿತು. ಬಳಕೆ 6.9 ಜಿಬಿ, ಕಮಿಟೆಡ್ 12ರ ಮೇಲೆ. ಒತ್ತಿ ಇಟ್ಟದ್ದೇ ಒಂದು ಜಿಬಿ ದಾಟಿತ್ತು. ಯಾವುದೂ ನಿಂತುಹೋಗಲಿಲ್ಲ, ಅದು ನಿಜ. ಆದರೆ ಹಳೆ ಟ್ಯಾಬಿಗೆ ಹೋದರೆ ಪುಟ ಹೊಸದಾಗಿ ಲೋಡ್ ಆಗುತ್ತಿತ್ತು. ಸ್ಕ್ರೀನ್ ಶೇರ್ ಮಾಡುತ್ತಾ ಆ ಸ್ಕ್ಯಾನ್ ಪುಸ್ತಕ ತೆರೆದಾಗ ಮೇಷ್ಟ್ರ ಧ್ವನಿ ತುಂಡುತುಂಡಾಗಿ ಬಂತು. ಅವಳು ಅಂದದ್ದು ನನಗೆ ಸಂಖ್ಯೆಗಿಂತ ಮುಖ್ಯ ಅನ್ನಿಸಿತು: "ಕ್ಲಾಸ್ ಕಡೆ ಗಮನ ಕೊಡಬೇಕೋ, ಇದು ಯಾವಾಗ ತಡೆಯುತ್ತೆ ಅಂತ ನೋಡ್ತಾ ಕೂರಬೇಕೋ?"

ಒಂದು ಮಾತು ಇಲ್ಲಿ ಸೇರಿಸಬೇಕು. ಒಂದು ಕಡ್ಡಿ ತೆಗೆದರೆ ರ‍್ಯಾಮ್ ಅರ್ಧವಾಗುವುದು ಮಾತ್ರವಲ್ಲ. ಎರಡು ಕಡ್ಡಿ ಇದ್ದಾಗ ಪ್ರೊಸೆಸರ್ ಎರಡು ದಾರಿಯಲ್ಲಿ ಮಾಹಿತಿ ಎಳೆದುಕೊಳ್ಳುತ್ತದೆ, ಈಗ ಒಂದೇ ದಾರಿ. ರ‍್ಯಾಮನ್ನೇ ಹಂಚಿಕೊಂಡು ಬದುಕುವ ಗ್ರಾಫಿಕ್ಸ್‌ಗೆ ಇದರ ಪೆಟ್ಟು ಬೀಳುತ್ತದೆ, ವಿಡಿಯೋ ಕ್ಲಾಸು ಅಂದರೆ ಗ್ರಾಫಿಕ್ಸ್‌ಗೂ ಕೆಲಸ. ಹಾಗಾಗಿ ಮಗಳು ಕಂಡ ತೊಂದರೆಯಲ್ಲಿ ಒಂದು ಪಾಲು ಇದಕ್ಕೂ ಸೇರುತ್ತದೆ. ಕ್ರೋಮ್‌ನ ಮೆಮೊರಿ ಸೇವರ್ ಆನ್ ಮಾಡಿಯೂ ನೋಡಿದೆವು. ಮುಟ್ಟದೆ ಬಿಟ್ಟ ಟ್ಯಾಬುಗಳನ್ನು ಅದು ಮಲಗಿಸುತ್ತದೆ. ಕಮಿಟೆಡ್ ಸ್ವಲ್ಪ ಇಳಿಯಿತು, ಧ್ವನಿ ತುಂಡಾಗುವುದು ಕಡಿಮೆಯಾಯಿತು. ಬಿಗಿಯಾಗಿಯಾದರೂ ನಡೆಯುತ್ತದೆ ಅನ್ನುವ ಮಟ್ಟಕ್ಕೆ ಬಂತು.

ಒಂದು ಮನೆ, ಎರಡು ಉತ್ತರ

ಇಲ್ಲಿಗೆ ಬರುವಷ್ಟರಲ್ಲಿ ನಾವು ಕೇಳಿಕೊಂಡಿದ್ದ ಪ್ರಶ್ನೆಯೇ ಬದಲಾಗಿತ್ತು. "ಮನೆಗೆ ಎಷ್ಟು?" ಅಂತ ಶುರು ಮಾಡಿದ್ದೆವು. ಅಳೆದ ಮೇಲೆ ಕಂಡದ್ದು, ಈ ಮನೆಯಲ್ಲಿ ಎರಡು ಬೇರೆ ಬೇರೆ ಅಗತ್ಯಗಳಿವೆ. ಭಾವ ಮತ್ತು ಅಕ್ಕನಿಗೆ 8 ಧಾರಾಳ. ಮಗಳಿಗೆ 8 ಇಂದೇ ಬಿಗಿ, ಡಿಗ್ರಿ ಮುಗಿಯುವ ಹೊತ್ತಿಗೆ ಇನ್ನೂ ಬಿಗಿ. ಹೊಸ ಲ್ಯಾಪ್‌ಟಾಪ್ ಹೇಗೂ ಅವಳ ಜೊತೆ ಹಾಸ್ಟೆಲ್‌ಗೆ ಹೋಗುತ್ತದೆ. ಊರಲ್ಲಿ ಉಳಿಯುವುದು ಹಳೆಯದೇ.

ಮೂವತ್ತೆರಡರ ಮಾತನ್ನು ಬೇಗ ಬಿಟ್ಟೆವು. ಮೂವರಲ್ಲಿ ಅತಿ ಜಾಸ್ತಿ ಕೆಲಸ ಮಾಡುವವಳ ಅತಿ ಅವಸರದ ಗಂಟೆಯಲ್ಲಿ ಕಮಿಟೆಡ್ 13. ಹದಿನಾರು ಇದ್ದರೆ ಮೇಲೆ ಇನ್ನೂ ಜಾಗ ಉಳಿಯುತ್ತದೆ. ದೊಡ್ಡ ವಿಡಿಯೋ ಎಡಿಟಿಂಗು, ಕಂಪ್ಯೂಟರಿನ ಒಳಗೆ ಇನ್ನೊಂದು ಕಂಪ್ಯೂಟರ್ ನಡೆಸುವ ಕೆಲಸ, ನೂರಾರು ದೊಡ್ಡ ಫೋಟೋಗಳನ್ನು ಒಟ್ಟಿಗೆ ತಿದ್ದುವುದು, ಇಂಥವು ಇದ್ದರೆ 32ಕ್ಕೆ ಅರ್ಥವಿದೆ. ಕಾಮರ್ಸ್ ಓದುವವಳಿಗೆ ಆ ದುಡ್ಡು ಬೇರೆ ಕಡೆ ಉಪಯೋಗವಾಗುತ್ತದೆ.

ಅಂಗಡಿಯಲ್ಲಿ

ಐವತ್ತೈದು ಸಾವಿರದ ಒಳಗೆ ಅಂತ ಭಾವ ಹೇಳಿದ್ದರು. ಅಂಗಡಿಯಲ್ಲಿ ಮೂರು ಲ್ಯಾಪ್‌ಟಾಪ್ ನಮ್ಮ ಮುಂದೆ ಬಂದವು.

ಒಂದನೆಯದು ತೆಳ್ಳಗೆ, ಹಗುರ, ಸ್ಕ್ರೀನ್ ಚೆನ್ನಾಗಿತ್ತು, ಪ್ರೊಸೆಸರ್ ಹೊಸ ತಲೆಮಾರಿನದು. ರ‍್ಯಾಮ್ 8 ಜಿಬಿ. ಮಗಳಿಗೆ ನೋಡಿದ ಕೂಡಲೇ ಇಷ್ಟವಾಯಿತು. ಪ್ರದರ್ಶನಕ್ಕಿಟ್ಟ ಪೀಸಿನಲ್ಲೇ ಟಾಸ್ಕ್ ಮ್ಯಾನೇಜರ್ ತೆರೆದು ನೋಡು ಅಂದೆ. ಅವಳು ಒತ್ತಿದಳು. ಮೆಮೊರಿ ಪುಟದ ಕೆಳಗೆ ಫಾರ್ಮ್ ಫ್ಯಾಕ್ಟರ್ ಅಂತ ಒಂದು ಸಾಲಿರುತ್ತದೆ. ಕಡ್ಡಿ ಹಾಕುವಂಥದ್ದಾದರೆ ಅಲ್ಲಿ ಸೋಡಿಮ್ ಅಂತ ಬರುತ್ತದೆ. ಇದರಲ್ಲಿ ಬಂದದ್ದು "ರೋ ಆಫ್ ಚಿಪ್ಸ್". ಅಂದರೆ ರ‍್ಯಾಮ್ ಚಿಪ್ಪುಗಳನ್ನು ಬೋರ್ಡಿಗೇ ಬೆಸೆದಿದ್ದಾರೆ. ಬೇರೆ ಸ್ಲಾಟು ಇದೆಯಾ ಅಂತ ಕಂಪನಿಯ ವಿವರಪಟ್ಟಿಯಲ್ಲೂ ನೋಡಿದೆವು. ಇರಲಿಲ್ಲ. ಇವತ್ತಿನ ಎಂಟು, ಅದು ಗುಜರಿಗೆ ಹೋಗುವ ದಿನವೂ ಎಂಟೇ.

ಮಾರುವವರು ತಾವಾಗಿ ಹೇಳದ, ಕೊಳ್ಳುವವರು ತಪ್ಪದೆ ಕೇಳಲೇಬೇಕಾದ ವಿಷಯ ಇದು. ನನ್ನ ಅನುಭವದಲ್ಲಿ 8ಕ್ಕೂ 16ಕ್ಕೂ ಇರುವ ವ್ಯತ್ಯಾಸಕ್ಕಿಂತ, ಮುಂದೆ ಸೇರಿಸಲು ಬರುತ್ತದಾ ಇಲ್ಲವಾ ಅನ್ನುವ ವ್ಯತ್ಯಾಸ ದೊಡ್ಡದು. ಸೇರಿಸಲು ಬರುವಂತಿದ್ದರೆ ಇವತ್ತಿನ ಅಗತ್ಯಕ್ಕೆ ಕೊಂಡರೆ ಸಾಕು. ಬಾರದಿದ್ದರೆ ಅದರ ಕೊನೆಯ ವರ್ಷದ ಅಗತ್ಯಕ್ಕೆ ಇವತ್ತೇ ದುಡ್ಡು ಕೊಡಬೇಕು. ಬೆಸೆದ ರ‍್ಯಾಮ್ ಕೆಟ್ಟದ್ದು ಅಂತಲ್ಲ. ಬ್ಯಾಟರಿ ಕಡಿಮೆ ತಿನ್ನುತ್ತದೆ, ಲ್ಯಾಪ್‌ಟಾಪ್ ತೆಳ್ಳಗಾಗುತ್ತದೆ. ನಮ್ಮ ಮಲೆನಾಡಿನ ತೇವಕ್ಕೆ ಇನ್ನೊಂದು ಅನುಕೂಲವೂ ಇದೆ, ಅದನ್ನು ಮುಂದೆ ಹೇಳುತ್ತೇನೆ. ಆದರೆ 8 ಜಿಬಿ ಬೆಸೆದದ್ದನ್ನು ಒಬ್ಬ ವಿದ್ಯಾರ್ಥಿಗೆ ಕೊಡಿಸುವುದನ್ನು ನಾನು ಒಪ್ಪಲಾರೆ.

ಎರಡನೆಯದರಲ್ಲಿ 8 ಜಿಬಿ ಬೆಸೆದದ್ದು, ಪಕ್ಕದಲ್ಲಿ ಒಂದು ಖಾಲಿ ಸ್ಲಾಟು. ಈಗ ಕೊಂಡು ಆಮೇಲೆ 8 ಸೇರಿಸಿದರೆ ಹದಿನಾರು. ಮೊದಲಾಗಿದ್ದರೆ ಕಣ್ಣು ಮುಚ್ಚಿ ಇದನ್ನೇ ತಗೊಳ್ಳಿ ಅನ್ನುತ್ತಿದ್ದೆ. ರ‍್ಯಾಮ್ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುವುದು ರೂಢಿಯಾಗಿತ್ತು, ಕಾದಷ್ಟೂ ಲಾಭ. 2025ರ ಕೊನೆಯಲ್ಲಿ ಆ ಲೆಕ್ಕ ತಲೆಕೆಳಗಾಯಿತು. ಜಗತ್ತಿನ ರ‍್ಯಾಮ್ ಚಿಪ್ಪುಗಳಲ್ಲಿ ಬಹುಪಾಲನ್ನು ಮಾಡುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಅನ್ನುವ ಮೂರು ಕಂಪನಿಗಳು. ಎಐ ಸರ್ವರ್‌ಗಳಿಗೆ ಬೇಕಾದ ಮೆಮೊರಿಯಲ್ಲಿ ಲಾಭ ಜಾಸ್ತಿ ಅಂತ ಅವು ಆ ಕಡೆ ತಿರುಗಿದವು. ಕ್ರೂಶಿಯಲ್ ಹೆಸರಿನಲ್ಲಿ ಸಾಮಾನ್ಯ ಗ್ರಾಹಕರಿಗೆ ಮಾರುವ ವ್ಯವಹಾರವನ್ನೇ ನಿಲ್ಲಿಸುತ್ತೇವೆ ಅಂತ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ಹೇಳಿತು. ನನ್ನ ಅಂಗಡಿಗೆ ಬರುವ ಕಡ್ಡಿಗಳ ದರ ಕೆಲವೇ ತಿಂಗಳಲ್ಲಿ ಎರಡು ಪಟ್ಟು ದಾಟಿತು. ಆಮೇಲೆ ಸೇರಿಸೋಣ ಅನ್ನುವ ಮಾತಿಗೆ ಈಗ ಮೊದಲಿನ ಬಲ ಇಲ್ಲ.

ಮೂರನೆಯದು ನೋಡಲು ಸಾಧಾರಣ. ಸ್ವಲ್ಪ ದಪ್ಪ, ಪ್ರೊಸೆಸರ್ ಒಂದೆರಡು ತಲೆಮಾರು ಹಳೆಯದು. ಆದರೆ ಎರಡು ಸ್ಲಾಟು, ಎರಡರಲ್ಲೂ 8 ಜಿಬಿ, ಒಟ್ಟು 16. ಮೊದಲನೆಯದಕ್ಕಿಂತ ಆರು ಸಾವಿರ ಜಾಸ್ತಿ. ಹಳೆ ಪ್ರೊಸೆಸರ್‌ಗೆ ಜಾಸ್ತಿ ದುಡ್ಡು ಯಾಕೆ ಅಂತ ಭಾವ ಕೇಳಿದರು, ಕೇಳಬೇಕಾದದ್ದೇ. ಅಳತೆ ಮಾಡಿದ ದಿನಗಳಲ್ಲಿ ಪ್ರೊಸೆಸರ್ ಯಾವತ್ತೂ ಪೂರ್ತಿ ದುಡಿದದ್ದನ್ನು ನಾವು ನೋಡಿರಲಿಲ್ಲ, ಮೀಟ್ ಕ್ಲಾಸಿನಲ್ಲೂ ಅರ್ಧದ ಹತ್ತಿರವೇ. ಬಿಗಿಯಾದದ್ದು ರ‍್ಯಾಮ್. ದುಡ್ಡು ಹೋಗಬೇಕಾದದ್ದು ಬಿಗಿ ಇರುವ ಕಡೆಗೆ. ಮಗಳು ತೆಳ್ಳಗಿನದನ್ನು ಇನ್ನೊಂದು ಸಲ ಕೈಗೆತ್ತಿಕೊಂಡು ನೋಡಿದಳು. ಆಮೇಲೆ ತಾನೇ ಹೇಳಿದಳು, "ಇದೇ ಇರಲಿ ಮಾವ, ಮೂರನೇದು."

ಬಿಲ್ ಮಾಡಿಸುವ ಮುಂಚೆ ನಮ್ಮದೇ ಪೀಸನ್ನು ಆನ್ ಮಾಡಿಸಿ ನೋಡಿದೆವು. ಸ್ಲಾಟು ಎರಡರಲ್ಲಿ ಎರಡು, ಸೋಡಿಮ್, 16 ಜಿಬಿ. ಇದನ್ನು ಎಲ್ಲರೂ ಮಾಡಬೇಕು. ಒಂದೇ ಮಾಡೆಲ್ ಹೆಸರಿನಲ್ಲಿ ಬೇರೆ ಬೇರೆ ರ‍್ಯಾಮ್‌ನವು ಬರುತ್ತವೆ, ಡಬ್ಬದ ಮೇಲಿನ ಚೀಟಿ ಓದಿದರೆ ಮಾತ್ರ ಸಾಲದು.

ಹಳೆಯದಕ್ಕೆ ಏನು ಮಾಡಿದೆವು

ಹಳೆ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಆಗಲೇ ಹಾಕಿದ್ದೆ, ಅದನ್ನು ಅಲ್ಲೇ ಬಿಟ್ಟೆ. ಹೊಸ ಬ್ಯಾಟರಿ ಹಾಕಿದೆ. ಒಳಗೆ ಒಂದು ಸ್ಲಾಟು ಖಾಲಿ ಇತ್ತು. ಡಿಡಿಆರ್4 ಅನ್ನುವ ಹಳೆ ತಲೆಮಾರಿನ ಕಡ್ಡಿ ಹಿಡಿಯುವಂಥದ್ದು. ಅದರ ಮುಂದಿನ ತಲೆಮಾರಿನ ಡಿಡಿಆರ್5 ಕಡ್ಡಿ ಅದರಲ್ಲಿ ಕೂರುವುದೇ ಇಲ್ಲ, ಕಚ್ಚಿನ ಜಾಗವೇ ಬೇರೆ, ಪಿನ್ನುಗಳೂ 260ರ ಬದಲು 262. ರ‍್ಯಾಮ್ ಕೊಳ್ಳುವ ಮುಂಚೆ ಇದನ್ನು ನೋಡಿಕೊಳ್ಳಬೇಕು. ನನ್ನಲ್ಲಿದ್ದ 4 ಜಿಬಿಯ ಒಂದು ಹಳೆ ಡಿಡಿಆರ್4 ಕಡ್ಡಿ ಹಾಕಿದೆ.

ಆನ್ ಮಾಡಿದರೆ ಸ್ಕ್ರೀನ್ ಕಪ್ಪು. ಫ್ಯಾನು ತಿರುಗುತ್ತದೆ, ಚಿತ್ರ ಇಲ್ಲ. ಮಲೆನಾಡಿನ ಲ್ಯಾಪ್‌ಟಾಪ್ ರಿಪೇರಿ ಮಾಡುವವರಿಗೆ ಇದು ಹೊಸದಲ್ಲ. ವರ್ಷದ ನಾಲ್ಕೈದು ತಿಂಗಳು ತೇವ ಕುಡಿದ ಗಾಳಿ, ಬೂಸ್ಟು. ಸ್ಲಾಟಿನ ಮುಳ್ಳುಗಳ ಮೇಲೂ ಕಡ್ಡಿಯ ಚಿನ್ನದ ಬಣ್ಣದ ಪಟ್ಟಿಗಳ ಮೇಲೂ ಮಸುಕಾದ ಒಂದು ಪದರ ಕೂರುತ್ತದೆ, ಒಂದಕ್ಕೊಂದು ಸರಿಯಾಗಿ ತಾಗುವುದಿಲ್ಲ. ಚಾರ್ಜರ್ ಕಿತ್ತು, ಬ್ಯಾಟರಿಯ ಕನೆಕ್ಷನ್ ಬಿಡಿಸಿ, ಕಡ್ಡಿಯ ಪಟ್ಟಿಗಳನ್ನು ಪೆನ್ಸಿಲ್ ಅಳಿಸುವ ರಬ್ಬರ್‌ನಿಂದ ಹಗುರಾಗಿ ಉಜ್ಜಿದೆ. ಸ್ಲಾಟಿಗೆ ಬ್ರಷ್ ಹೊಡೆದು, ಓರೆಯಾಗಿ ತೂರಿಸಿ, ಕ್ಲಿಪ್ಪು ಟಕ್ ಅನ್ನುವ ತನಕ ಕೆಳಗೆ ಒತ್ತಿದೆ. ಈ ಸಲ ಆನ್ ಆಯಿತು, 8 ಜಿಬಿ ತೋರಿಸಿತು. ಬೆಸೆದ ರ‍್ಯಾಮ್‌ಗೆ ಅನುಕೂಲ ಇದೆ ಅಂದದ್ದು ಇದೇ: ಅದರಲ್ಲಿ ಸಡಿಲವಾಗುವ ಸ್ಲಾಟೇ ಇಲ್ಲ. ಆದರೆ ಸ್ಲಾಟಿನ ತೊಂದರೆ ರಬ್ಬರ್‌ನಲ್ಲಿ ಮುಗಿಯುತ್ತದೆ. ಬೆಸೆದ ಚಿಪ್ಪು ಕೆಟ್ಟರೆ ಬೋರ್ಡಿಗೇ ಕೈ ಹಾಕಬೇಕು.

ಭಾವನ ಎಕ್ಸೆಲ್, ಅಕ್ಕನ ನಡಾವಳಿ, ಯೂಟ್ಯೂಬ್ ಈಗ ಇದರಲ್ಲಿ ತಡೆಯಿಲ್ಲದೆ ನಡೆಯುತ್ತಿವೆ. ಕಮಿಟೆಡ್ ಆರೂವರೆ ಏಳರಲ್ಲಿ ನಿಲ್ಲುತ್ತದೆ. ಹಾಸ್ಟೆಲ್‌ನಿಂದ ಮಗಳು ಕಳಿಸಿದ ಸಂಖ್ಯೆ, ಪರೀಕ್ಷೆಯ ಮುಂಚಿನ ಅತಿ ಅವಸರದ ದಿನದ್ದು, 13.8. ಟ್ಯಾಬುಗಳು ಹಾಗೇ ಇವೆಯಂತೆ.

ಹಳೆಯದರಲ್ಲಿ ಬಗೆಹರಿಯದೆ ಉಳಿದದ್ದು ರ‍್ಯಾಮ್ ಅಲ್ಲ, ವಿಂಡೋಸ್ 10. ಮನೆ ಬಳಕೆಯವರಿಗೆ ಮೈಕ್ರೋಸಾಫ್ಟ್ ಕೊಟ್ಟಿರುವ ಹೆಚ್ಚುವರಿ ಭದ್ರತಾ ಅಪ್‌ಡೇಟಿಗೆ ಇದನ್ನು ಸೇರಿಸಿದ್ದೇವೆ, ಅದು 2026ರ ಅಕ್ಟೋಬರ್ 13ರ ತನಕ ಅಂತ ಗೊತ್ತಾಗಿದೆ. ಅದಾದ ಮೇಲೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕುವ ಯೋಚನೆ, 8 ಜಿಬಿ ಅದಕ್ಕೆ ಧಾರಾಳ ಸಾಕು. ಭಾವನ ಅಡಿಕೆ ಶೀಟುಗಳನ್ನು ಎಕ್ಸೆಲ್ ಬದಲಿಗೆ ಅದರಲ್ಲಿ ಬಳಸುವ ಲಿಬ್ರೆ ಆಫೀಸ್‌ನಲ್ಲಿ ತೆರೆದು ನೋಡಿದೆವು, ಕೂಡುವ ಕಳೆಯುವ ಲೆಕ್ಕವೆಲ್ಲ ಸರಿಯಾಗಿ ಬಂತು. ಅಕ್ಕನ ಹಳೆ ನಡಾವಳಿಗಳು ನುಡಿ ಅನ್ನುವ ಹಳೆ ಪದ್ಧತಿಯ ಕನ್ನಡ ಫಾಂಟಿನಲ್ಲಿವೆ. ಅವನ್ನು ಎಲ್ಲ ಕಡೆ ಓದಲು ಬರುವ ಯೂನಿಕೋಡ್‌ಗೆ ಬದಲಿಸುವ ಕೆಲಸ ಬಾಕಿ ಇದೆ, ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರ ಹೋಗಿ ಕೂತು ಮುಗಿಸಬೇಕು.